ಬುರ್ಜ್ ಖಲೀಫಾದ 124ನೇ ಮಹಡಿಯಲ್ಲಿ ಮಾಮಿಯ ನೋಂಬು

ನಮ್ಮ ಮಾಮ ದುಬೈಯಲ್ಲಿ 37 ವರ್ಷ ಇದ್ದರು. ಬುರ್ಜ್ ಖಲೀಫಾ ಹತ್ತಿದ್ದು ಮಾತ್ರ ಈ ಸಲ, ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಹೊರಡುವ ಮೊದಲಿನ ವಾರ.

ನಗಬೇಡಿ. ನಿಮ್ಮ ಮನೆಯಲ್ಲೂ ಗಲ್ಫ್‌ನಲ್ಲಿದ್ದವರು ಒಬ್ಬರಾದರೂ ಇರುತ್ತಾರೆ, ಅವರನ್ನೇ ಕೇಳಿ ನೋಡಿ. ‘ಕೆಳಗಿನಿಂದ ನೋಡಿದ್ದೇನೆ, ಫೋಟೊ ಉಂಟು, ಸಾಕು ಮಾರಾಯ’ ಎನ್ನುವವರೇ ಜಾಸ್ತಿ. ಕೆಳಗಿನಿಂದ ನೋಡಲು ದುಡ್ಡಿಲ್ಲ. ಮೇಲೆ ಹೋಗಲು ಟಿಕೆಟ್ ಬೇಕು. ಆ ಟಿಕೆಟಿನ ದುಡ್ಡಿನಲ್ಲಿ ಮಗಳ ಫೀಸಿನ ಒಂದು ಕಂತಾದರೂ ಹೋಗುತ್ತದೆ ಎಂದು ಲೆಕ್ಕ ಹಾಕಿದವರು ನಮ್ಮವರು.

ಈ ಸಲ ಮಾಮ ಒಪ್ಪಿದ್ದಕ್ಕೆ ಕಾರಣ ಮಾಮಿ. ಪೆರ್ನಾಲ್ ಮುಗಿಸಿ ಮಾಮಿ ಮೊದಲ ಬಾರಿಗೆ ವಿಮಾನ ಹತ್ತಿದರು. ಈಗ ಶಾರ್ಜಾದಲ್ಲಿ ಕೆಲಸಕ್ಕಿರುವ ಮಗ ವಿಸಿಟ್ ವೀಸಾ ಕಳಿಸಿದ್ದ. ಅವರ ಜೊತೆಗೆ ಹೋದವರು ನಾವು ಅಕ್ಕ, ತಮ್ಮ ಇಬ್ಬರು. ಮಾಮ 1988ರಲ್ಲಿ ಬೊಂಬಾಯಿ ಮೂಲಕ ದುಬೈಗೆ ಹೋದವರು. ಮದುವೆಯಾದದ್ದು 1991ರಲ್ಲಿ. ಆಮೇಲೆ ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ನಾವು ಕೂತು ಲೆಕ್ಕ ಹಾಕಿದೆವು. 34 ವರ್ಷದ ದಾಂಪತ್ಯದಲ್ಲಿ ಗಂಡ, ಹೆಂಡತಿ ಒಂದೇ ಮನೆಯಲ್ಲಿ ಇದ್ದದ್ದು ಎಲ್ಲ ಸೇರಿಸಿದರೂ ಮೂರು ವರ್ಷ ಆಗುವುದಿಲ್ಲ. ನಮ್ಮ ಸಮುದಾಯದಲ್ಲಿ ಇದು ವಿಶೇಷವೇನಲ್ಲ. ಪ್ರತಿ ಓಣಿಯಲ್ಲೂ ಇಂಥ ಲೆಕ್ಕದ ಒಂದು ಮನೆ ಉಂಟು.

‘ನೀನು ಬಂದಿದ್ದೀ ಅಂದ ಮೇಲೆ ಅದನ್ನೊಂದು ತೋರಿಸುವ’ ಎಂದರು ಮಾಮ. ಟಿಕೆಟ್ ಮಗ ಮಾಡಿಸಿದ. ದರ ಎಷ್ಟೆಂದು ಅಪ್ಪನಿಗೆ ಹೇಳಬಾರದು ಎಂದು ನಮಗೆ ಮೊದಲೇ ತಾಕೀತು ಮಾಡಿದ್ದ.

ಡಿಫೆನ್ಸ್ ರೌಂಡ್‌ಅಬೌಟ್

ಶಾರ್ಜಾದಿಂದ ಬಸ್ಸಿನಲ್ಲಿ ಯೂನಿಯನ್ ಸ್ಟೇಷನ್, ಅಲ್ಲಿಂದ ಕೆಂಪು ಲೈನಿನ ಮೆಟ್ರೊ. ಇಳಿಯಬೇಕಾದ ನಿಲ್ದಾಣಕ್ಕೆ ಬುರ್ಜ್ ಖಲೀಫಾ, ದುಬೈ ಮಾಲ್ ಎಂದೇ ಹೆಸರು. ಅಲ್ಲಿಂದ ಮಾಲ್‌ವರೆಗೆ ಎ.ಸಿ. ಹಾಕಿದ ಉದ್ದದ ಸೇತುವೆ ದಾರಿ. ಅಲ್ಲಲ್ಲಿ ನೆಲವೇ ಚಲಿಸುತ್ತದೆ, ನಾವು ನಿಂತರೆ ಸಾಕು. ಮಾಮಿ ಮೊದಲು ಹೆದರಿದರು, ಆಮೇಲೆ ನಗುತ್ತಾ ನಿಂತರು.

ಮಾಮನ ಬಾಯಲ್ಲಿ ಈ ಜಾಗಕ್ಕೆ ಬೇರೆಯೇ ಹೆಸರು, ಡಿಫೆನ್ಸ್ ರೌಂಡ್‌ಅಬೌಟ್. ದುಬೈಯ ಹಳಬರು ಈಗಲೂ ಹಾಗೆಯೇ ಹೇಳುತ್ತಾರೆ. ‘ಆಗ ಇಲ್ಲಿ ಎಂಥದೂ ಇರಲಿಲ್ಲ. ಇಲ್ಲಿಂದ ಆಚೆಗೆ ಹೋಗುವುದು ಎಂದರೆ ಊರ ಹೊರಗೆ ಹೋದ ಹಾಗೆ’ ಎಂದರು.

ಆ ಖಾಲಿ ಜಾಗದಲ್ಲಿ 2004ರಲ್ಲಿ ನೆಲ ಅಗೆಯಲು ಶುರು ಮಾಡಿದರು. ಆಗ ಮಾಮ ಕೆಫೆಟೇರಿಯಾ ಬಿಟ್ಟು ಕೇಟರಿಂಗ್ ವ್ಯಾನಿನ ಡ್ರೈವರ್ ಆಗಿದ್ದರು. ಬೆಳಗಿನ ಮೂರು ಗಂಟೆಗೆ ಅಡುಗೆಮನೆಯಿಂದ ಅನ್ನ, ದಾಲ್, ರೊಟ್ಟಿಯ ಪೊಟ್ಟಣ ತುಂಬಿಸಿಕೊಂಡು ಅಲ್ ಕೂಝ್, ಸೋನಾಪುರದ ಲೇಬರ್ ಕ್ಯಾಂಪ್‌ಗಳಿಗೆ ಹೋಗುವುದು ಅವರ ಕೆಲಸ. ನಾಲ್ಕೂವರೆಗೆ ಕಾರ್ಮಿಕರ ಬಸ್ಸು ಹೊರಡುವ ಮೊದಲು ಮಧ್ಯಾಹ್ನದ ಊಟವೂ ಅವರ ಕೈಯಲ್ಲಿ ಇರಬೇಕು. ಹಾಗೆ ಹೊರಡುವ ಬಸ್ಸುಗಳಲ್ಲಿ ಕೆಲವು ಬರುತ್ತಿದ್ದದ್ದು ಇಲ್ಲಿಗೇ.

‘ಮೇಲೆ ಹೋದವರು ಊಟಕ್ಕೆ ಕೆಳಗೆ ಬರುವುದಿಲ್ಲ, ಪೊಟ್ಟಣ ಅಲ್ಲೇ ಬಿಚ್ಚುತ್ತಾರೆ ಅಂತ ಹೇಳ್ತಿದ್ದರು. ನಾನು ಹತ್ತದಿದ್ದರೂ ನಾನು ಕೊಟ್ಟ ಅನ್ನ ಹತ್ತಿದೆ’ ಎಂದು ಮಾಮ ಮಾಲ್‌ನ ನೆಲ ಅಂತಸ್ತಿನ ಕೆಳಗಿರುವ ಪ್ರವೇಶದ್ವಾರದ ಸಾಲಿನಲ್ಲಿ ನಿಂತು ಹೇಳಿದರು.

828 ಮೀಟರ್‌ನ ಲೆಕ್ಕ

ಲಿಫ್ಟಿನವರೆಗಿನ ದಾರಿಯಲ್ಲಿ ಈ ಕಟ್ಟಡ ಎದ್ದು ನಿಂತ ಕಥೆಯನ್ನು ಚಿತ್ರಗಳಲ್ಲಿ ತೋರಿಸುತ್ತಾರೆ. ಹೆಚ್ಚಿನವರು ಸೆಲ್ಫಿಯ ಅವಸರದಲ್ಲಿ ಅದನ್ನು ನೋಡದೆ ಮುಂದೆ ಹೋಗುತ್ತಾರೆ. ನಿಂತು ನೋಡಬೇಕು.

ಎತ್ತರ 828 ಮೀಟರ್. ಮಹಡಿಗಳು 160ಕ್ಕೂ ಮೇಲೆ. ಮೇಲಿನಿಂದ ನೋಡಿದರೆ ಕಟ್ಟಡದ ಆಕಾರ ಇಂಗ್ಲಿಷಿನ ವೈ ಅಕ್ಷರದ ಹಾಗೆ, ನಡುವೆ ಒಂದು ಗಟ್ಟಿ ಕಂಬ, ಅದಕ್ಕೆ ಮೂರು ಕಡೆಯಿಂದ ಮೂರು ರೆಕ್ಕೆಗಳ ಊರೆ. ಗಾಳಿ ಒಂದು ಕಡೆಯಿಂದ ತಳ್ಳಿದರೆ ಉಳಿದ ರೆಕ್ಕೆಗಳು ಹಿಡಿದುಕೊಳ್ಳುತ್ತವೆ. ಮೇಲೆ ಹೋದ ಹಾಗೆ ಒಂದೊಂದೇ ರೆಕ್ಕೆ ಹಿಂದೆ ಸರಿಯುತ್ತಾ ಕಟ್ಟಡ ಸಪುರವಾಗುತ್ತದೆ. ತಳದಲ್ಲಿ 192 ಕಾಂಕ್ರೀಟ್ ಪೈಲ್‌ಗಳು ಸುಮಾರು 50 ಮೀಟರ್ ಆಳಕ್ಕೆ ಇಳಿದಿವೆ. ಬಳಸಿದ ಕಾಂಕ್ರೀಟ್ 3,30,000 ಘನ ಮೀಟರ್, ಕಬ್ಬಿಣದ ಸರಳು 39,000 ಟನ್. ಬೇಸಿಗೆಯಲ್ಲಿ ಹಗಲು ಕಾಂಕ್ರೀಟ್ ಹಾಕಿದರೆ ಬಿಸಿಗೆ ಬಿರುಕು ಬಿಡುತ್ತದೆಂದು ರಾತ್ರಿ ಹೊತ್ತು, ಐಸ್ ಬೆರೆಸಿ ಹಾಕುತ್ತಿದ್ದರು. ಆ ಕಾಂಕ್ರೀಟನ್ನು ಪಂಪ್ ಮಾಡಿ 600 ಮೀಟರ್‌ಗೂ ಮೇಲಕ್ಕೆ ಏರಿಸಿದ್ದು ಆ ಕಾಲಕ್ಕೆ ದಾಖಲೆ.

ವಿನ್ಯಾಸ ಮಾಡಿದ್ದು ಶಿಕಾಗೋದ ಎಸ್‌ಒಎಂ ಸಂಸ್ಥೆ. ವಾಸ್ತುಶಿಲ್ಪಿ ಏಡ್ರಿಯನ್ ಸ್ಮಿತ್, ರಚನಾ ಎಂಜಿನಿಯರ್ ಬಿಲ್ ಬೇಕರ್. ಇದೇ ಸಂಸ್ಥೆಯಲ್ಲಿ ಇವರಿಗಿಂತ ಮೊದಲು ದುಡಿದವರು ಫಝ್ಲುರ್ ರಹ್ಮಾನ್ ಖಾನ್. ಢಾಕಾ ಭಾಗದವರು, 1929ರಲ್ಲಿ ಹುಟ್ಟಿ 1982ರಲ್ಲಿ ತೀರಿಕೊಂಡರು. ಕಟ್ಟಡದ ಹೊರಮೈಯನ್ನೇ ಒಂದು ಗಟ್ಟಿ ಕೊಳವೆಯ ಹಾಗೆ ಕಟ್ಟಿದರೆ ಕಡಿಮೆ ಉಕ್ಕಿನಲ್ಲಿ ಎಷ್ಟೋ ಎತ್ತರಕ್ಕೆ ಹೋಗಬಹುದೆಂದು ತೋರಿಸಿಕೊಟ್ಟವರು. ಶಿಕಾಗೋದ 442 ಮೀಟರ್‌ನ ಸಿಯರ್ಸ್ ಟವರ್ ಅವರದೇ ಎಂಜಿನಿಯರಿಂಗ್. ಗಗನಚುಂಬಿ ಕಟ್ಟಡಗಳ ಚರಿತ್ರೆಯಲ್ಲಿ ಬಂಗಾಳದ ಒಬ್ಬ ಮುಸ್ಲಿಮ್ ಎಂಜಿನಿಯರ್‌ನ ಹೆಸರು ಇಷ್ಟು ದೊಡ್ಡದಾಗಿ ಉಂಟು ಎಂಬುದನ್ನು ನಮ್ಮ ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಹೇಳಬೇಕು.

ಕೆಲಸ ಜೋರಿದ್ದಾಗ ದಿನಕ್ಕೆ ಸುಮಾರು 12,000 ಮಂದಿ ಇಲ್ಲಿ ದುಡಿಯುತ್ತಿದ್ದರು. ಹೆಚ್ಚಿನವರು ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳದ ಕಡೆಯವರು. ಎಲ್ಲವೂ ಸುಸೂತ್ರವಾಗಿ ಆಗಿಲ್ಲ. 2006ರ ಮಾರ್ಚ್‌ನಲ್ಲಿ ಕಡಿಮೆ ಸಂಬಳ ಮತ್ತು ಕೆಲಸದ ಸ್ಥಿತಿಯ ವಿರುದ್ಧ ಸುಮಾರು 2,500 ಕಾರ್ಮಿಕರು ಇದೇ ಜಾಗದಲ್ಲಿ ದಂಗೆ ಎದ್ದದ್ದು ಜಗತ್ತಿಗೆಲ್ಲ ಸುದ್ದಿಯಾಗಿತ್ತು. ಮಾಮನಿಗೆ ಆ ದಿನಗಳು ನೆನಪಿವೆ. ‘ಕ್ಯಾಂಪಿನಲ್ಲಿ ಊಟ ಇಳಿಸುವಾಗ ಯಾರೂ ಮಾತಾಡುತ್ತಿರಲಿಲ್ಲ’ ಎಂದಷ್ಟೇ ಹೇಳಿದರು.

2010 ಎಂಬ ವರ್ಷ

ಉದ್ಘಾಟನೆಯಾದದ್ದು 2010ರ ಜನವರಿ 4ರಂದು. ಅಲ್ಲಿಯವರೆಗೆ ಎಲ್ಲರೂ ಕರೆಯುತ್ತಿದ್ದದ್ದು ಬುರ್ಜ್ ದುಬೈ ಎಂದು. ಅದಕ್ಕೆ ಮುಂಚಿನ ತಿಂಗಳು ಸಾಲದಲ್ಲಿ ಸಿಕ್ಕಿಬಿದ್ದ ದುಬೈಗೆ ಅಬುಧಾಬಿ 10 ಬಿಲಿಯನ್ ಡಾಲರ್ ನೆರವು ಕೊಟ್ಟಿತ್ತು. ಉದ್ಘಾಟನೆಯ ದಿನ ಕಟ್ಟಡಕ್ಕೆ ಅಬುಧಾಬಿಯ ದೊರೆ, ಆಗಿನ ಯುಎಇ ಅಧ್ಯಕ್ಷ ಶೇಖ್ ಖಲೀಫಾ ಬಿನ್ ಝಾಯಿದ್ ಅವರ ಹೆಸರಿಟ್ಟರು. ಬುರ್ಜ್ ಎಂದರೆ ಗೋಪುರ. ಮದ್ರಸದಲ್ಲಿ ಓದಿದವರಿಗೆಲ್ಲ ಈ ಪದದ ಪರಿಚಯ ಉಂಟು, ಕುರ್‌ಆನಿನ 85ನೇ ಅಧ್ಯಾಯವೇ ಸೂರಃ ಅಲ್ ಬುರೂಜ್.

ಆ ಆರ್ಥಿಕ ಕುಸಿತದಲ್ಲಿ ಮಾಮನ ಕಂಪೆನಿಯೂ ಕುಸಿಯಿತು. ನಾಲ್ಕು ತಿಂಗಳು ಸಂಬಳ ಇಲ್ಲ. ಉದ್ಘಾಟನೆಯ ರಾತ್ರಿ ಪಟಾಕಿಯ ಬೆಳಕನ್ನು ದೇರಾದ ರೂಮಿನ ಟೆರೇಸಿನಿಂದ ನೋಡಿದರಂತೆ. ಊರಿಗೆ ಫೋನ್ ಮಾಡಿ ಬೆಳಕಿನ ವಿಷಯ ಹೇಳಿದರು, ಸಂಬಳದ ವಿಷಯ ಹೇಳಲಿಲ್ಲ. ಮಾಮಿಗೆ ಅದು ಗೊತ್ತಾದದ್ದು ಈಗ, ಈ ಸಾಲಿನಲ್ಲಿ ನಿಂತಾಗ.

ಜಗತ್ತಿಗೆ 2010 ಬುರ್ಜ್ ಖಲೀಫಾದ ವರ್ಷ. ನಮ್ಮ ಕರಾವಳಿಗೆ ಅದು ಬೇರೆ ವರ್ಷ. 2006ರಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾದಾಗ ಬೊಂಬಾಯಿಯ ಮುಸಾಫಿರ್‌ಖಾನೆಗಳ ಕಾಲ ಮುಗಿಯಿತೆಂದು ಎಲ್ಲರೂ ಖುಷಿಪಟ್ಟಿದ್ದೆವು. 2010ರ ಮೇ 22ರಂದು ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಬಜ್ಪೆಯಲ್ಲಿ ಕಣಿವೆಗೆ ಬಿತ್ತು, 158 ಮಂದಿ ಹೋದರು. ಅವರಲ್ಲಿ ಎಷ್ಟೋ ಮಂದಿಯ ಪೆಟ್ಟಿಗೆಯಲ್ಲಿ ಮಕ್ಕಳಿಗೆಂದು ಕೊಂಡ ಸಾಮಾನು ಇತ್ತು. ದುಬೈಯ ಯಾವ ಕಟ್ಟಡ ನೋಡಿದರೂ ನಮ್ಮ ಕಡೆಯವರಿಗೆ ಒಮ್ಮೆ ಆ ಬೆಳಗು ನೆನಪಾಗದೆ ಇರುವುದಿಲ್ಲ.

ನೂರರ ನೋಟಿನ ಹಿಂಬದಿ

ಲಿಫ್ಟ್ ಸೆಕೆಂಡಿಗೆ 10 ಮೀಟರ್ ಏರುತ್ತದೆ. 124ನೇ ಮಹಡಿಗೆ ಸುಮಾರು ಒಂದು ನಿಮಿಷ. ಅಲುಗಾಟ ಇಲ್ಲ. ಕಿವಿ ಮಾತ್ರ ಗಾಳಿ ಕಟ್ಟಿದ ಹಾಗೆ ಆಗುತ್ತದೆ. ಎಂಜಲು ನುಂಗಿದರೆ ಸರಿಹೋಗುತ್ತದೆ. ಮಾಮಿ ಕಣ್ಣು ಮುಚ್ಚಿ ಬಿಸ್ಮಿ ಹೇಳುತ್ತಿದ್ದರು. ಕಣ್ಣು ಬಿಡುವಾಗ 452 ಮೀಟರ್ ಮೇಲೆ ಇದ್ದರು.

ಅಲ್ಲಿ ಗಾಜಿನ ಒಳಗೆ ನಿಲ್ಲುವ ಜಾಗವೂ ಉಂಟು, ಹೊರಗೆ ಗಾಳಿಗೆ ನಿಲ್ಲುವ ಟೆರೇಸೂ ಉಂಟು. ಇನ್ನೂ ಮೇಲೆ, 148ನೇ ಮಹಡಿಯಲ್ಲಿ 555 ಮೀಟರ್ ಎತ್ತರದ ಇನ್ನೊಂದು ವೀಕ್ಷಣಾ ತಾಣ ಉಂಟು, ಅದರ ಟಿಕೆಟ್ ಬೇರೆ ಮತ್ತು ತುಂಬಾ ತುಟ್ಟಿ. ನಮಗೆ 124 ಧಾರಾಳವಾಯಿತು.

‘ಗಡಾಯಿಕಲ್ಲಿನಷ್ಟು ಎತ್ತರವಾ?’ ಮಾಮಿ ಮೊದಲು ಕೇಳಿದ್ದು ಇದು. ಅವರ ಮನೆ ಬೆಳ್ತಂಗಡಿ ಕಡೆ. ಮಾಮ ಹುಡುಗನಾಗಿದ್ದಾಗ ಜಮಲಾಬಾದ್ ಕೋಟೆಯ ಮೆಟ್ಟಿಲು ಹತ್ತಿದವರು. ‘ಅದನ್ನು ಕಾಲಲ್ಲಿ ಹತ್ತಿದ್ದೆ. ಅದೇ ಜಾಸ್ತಿ ಎತ್ತರ’ ಎಂದರು.

ಕೆಳಗೆ ಶೇಖ್ ಝಾಯಿದ್ ರಸ್ತೆ ಹಗ್ಗದ ಹಾಗೆ ಬಿದ್ದಿತ್ತು. ಒಂದು ಬದಿಯಲ್ಲಿ ಸಮುದ್ರ, ಅದರ ಮೇಲೆ ಮರಳು ಸುರಿದು ಮಾಡಿದ ದ್ವೀಪಗಳು. ದಕ್ಷಿಣದ ಕಡೆ ಕರಾವಳಿ ಹಿಡಿದು ನೋಡಿದರೆ ಹಾಯಿಯ ಆಕಾರದ ಬುರ್ಜ್ ಅಲ್ ಅರಬ್, ಅದರಾಚೆ ಮಬ್ಬಾಗಿ ಪಾಮ್ ಜುಮೇರಾ. ಇನ್ನೊಂದು ಬದಿಯಲ್ಲಿ ಕಟ್ಟಡಗಳು ಮುಗಿದಲ್ಲಿಂದ ಮರುಭೂಮಿ. ಟೂರಿಸ್ಟ್‌ಗಳೆಲ್ಲ ಸಮುದ್ರದ ಕಡೆಗೆ, ಕಾರಂಜಿಯ ಕಡೆಗೆ. ಮಾಮ ಮಾತ್ರ ಈಶಾನ್ಯದ ಗಾಜಿಗೆ ಅಂಟಿಕೊಂಡು ಏನೋ ಹುಡುಕುತ್ತಿದ್ದರು.

‘ಅಗೋ, ಟ್ರೇಡ್ ಸೆಂಟರ್’ ಎಂದು ಬೆರಳು ತೋರಿಸಿದರು.

ನಮಗೆ ಕಾಣಲೇ ಇಲ್ಲ. ಅಷ್ಟು ಕಟ್ಟಡಗಳ ನಡುವೆ ಅದೊಂದು ಬೆಂಕಿಪೆಟ್ಟಿಗೆ. 1979ರಲ್ಲಿ ಉದ್ಘಾಟನೆಯಾದ ವರ್ಲ್ಡ್ ಟ್ರೇಡ್ ಸೆಂಟರ್, 39 ಮಹಡಿ, 149 ಮೀಟರ್. ಮಾಮ ಬಂದ ಕಾಲಕ್ಕೆ ದುಬೈಯ ಅತಿ ಎತ್ತರದ ಕಟ್ಟಡ ಅದು. ನೂರು ದಿರ್ಹಮಿನ ಕಾಗದದ ನೋಟಿನ ಒಂದು ಬದಿಯಲ್ಲಿ ಅಲ್ ಫಹೀದಿ ಕೋಟೆ, ಇನ್ನೊಂದು ಬದಿಯಲ್ಲಿ ಇದೇ ಟ್ರೇಡ್ ಸೆಂಟರ್. ಮಾಮನ ಮೊದಲ ಸಂಬಳ 600 ದಿರ್ಹಮ್, ಅಂದರೆ ಅಂಥ ಆರು ನೋಟು. ನಾಲ್ಕು ಊರಿಗೆ, ಒಂದು ಊಟಕ್ಕೆ, ಒಂದು ರೂಮಿನ ಬಾಡಿಗೆಗೆ.

‘ನಮಗೆ ಎತ್ತರ ಅಂದರೆ ಅದೇ. ತಿಂಗಳಿಗೆ ಆರು ಸಲ ಕೈಗೆ ಬರ್ತಿತ್ತು, ನಾಲ್ಕು ಸಲ ಹೋಗ್ತಿತ್ತು’ ಎಂದು ಮಾಮ ನಕ್ಕರು.

ಟ್ರೇಡ್ ಸೆಂಟರಿನಾಚೆ ಖಾಡಿಯ ನೀರು ಬಾಗಿಕೊಂಡು ಹೋಗಿತ್ತು. ಅದರ ಈಚೆ ದಡ ಬರ್ ದುಬೈ, ಆಚೆ ದಡ ದೇರಾ. ನಡುವೆ ಜನರನ್ನು ದಾಟಿಸುವ ಅಬ್ರಾ ದೋಣಿಗಳು ಈ ಎತ್ತರಕ್ಕೆ ಕಾಣುವುದಿಲ್ಲ. ಈಗ ಒಂದು ದಿರ್ಹಮ್ ಇರುವ ದೋಣಿ ಬಾಡಿಗೆ ಅರ್ಧ ದಿರ್ಹಮ್ ಇದ್ದಾಗಿನಿಂದ ಮಾಮ ಅದರಲ್ಲಿ ಓಡಾಡಿದವರು. ಮಾಮಿ ಅವರ ಪಕ್ಕಕ್ಕೆ ಬಂದು ನಿಂತು, ‘ನಿಮ್ಮ ರೂಮ್ ಎಲ್ಲಿ?’ ಎಂದು ಕೇಳಿದರು.

ಮಾಮ ತೋರಿಸಿದರು. ನಾವು ದೂರದರ್ಶಕವನ್ನು ಆ ಕಡೆಗೆ ತಿರುಗಿಸಿ ಕೊಟ್ಟೆವು. ಬೂದು ಬಣ್ಣದ ಸಾವಿರ ಟೆರೇಸುಗಳು, ಎ.ಸಿ. ಪೆಟ್ಟಿಗೆಗಳು, ನೀರಿನ ಟ್ಯಾಂಕಿಗಳು. ಯಾವುದೆಂದು ಹೇಳಲು ಸಾಧ್ಯವೇ ಇಲ್ಲ. ಮಾಮಿ ತುಂಬಾ ಹೊತ್ತು ನೋಡಿದರು. ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಕಳಿಸುತ್ತಿದ್ದ ಕಾಲದಿಂದ ವಾಟ್ಸ್‌ಆ್ಯಪ್‌ವರೆಗೆ ಅವರ ಮಾತೆಲ್ಲ ಹೋಗಿ ಬಿದ್ದ ಜಾಗ ಅದು.

‘ಇಷ್ಟು ಸಣ್ಣದಾಗಿ ಕಾಣ್ತದಾ’ ಎಂದಷ್ಟೇ ಹೇಳಿದರು.

ಎರಡು ನಿಮಿಷ

ಮಾಮಿಗೆ ಅವತ್ತು ಶವ್ವಾಲಿನ ಆರು ನೋಂಬುಗಳಲ್ಲಿ ನಾಲ್ಕನೆಯದು. ಮಗ ಸೂರ್ಯಾಸ್ತದ ಹೊತ್ತಿನ ಟಿಕೆಟನ್ನೇ ತೆಗೆದಿದ್ದ. ಆ ಹೊತ್ತಿಗೆ ದರ ಜಾಸ್ತಿ, ಒಬ್ಬರಿಗೆ ಇನ್ನೂರು ದಿರ್ಹಮ್ ದಾಟುತ್ತದೆ. ಬೆಳಿಗ್ಗೆ ಹೋದರೆ ಕಡಿಮೆ. ಯಾವ ಹೊತ್ತಿಗಾದರೂ ಆನ್‌ಲೈನ್‌ನಲ್ಲಿ ಮೊದಲೇ ಸಮಯ ಗೊತ್ತು ಮಾಡಿಕೊಂಡು ಹೋಗುವುದು ಒಳ್ಳೆಯದು. ನೋಂಬಿನ ದಿನ ಬೇಡ ಎಂದು ನಾವು ಹೇಳಿದ್ದೆವು. ಮಾಮಿ ಕೇಳಲಿಲ್ಲ. ಬ್ಯಾಗಿನಲ್ಲಿ ಕಾಗದದಲ್ಲಿ ಸುತ್ತಿದ ಖರ್ಜೂರ ಇತ್ತು.

ಏಳು ಗಂಟೆಗೆ ಇನ್ನೂ ಕಾಲು ಗಂಟೆ ಇರುವಾಗ ನಮ್ಮ ಮೊಬೈಲಿನಲ್ಲಿ ಮಗ್ರಿಬ್ ಬಾಂಗ್ ಕೂಗಿತು. ಮಾಮಿ ಖರ್ಜೂರ ಬಾಯಿಯ ಹತ್ತಿರ ಒಯ್ದವರು ಹಾಗೆಯೇ ನಿಂತರು. ಎದುರಿಗೆ ಸಮುದ್ರದ ಮೇಲೆ ಸೂರ್ಯ ಇನ್ನೂ ಇದ್ದ. ಕೆಳಗೆ ರಸ್ತೆಗಳಲ್ಲಿ ಕತ್ತಲು ಹರಡಿ ದೀಪ ಹೊತ್ತಿಕೊಂಡಿತ್ತು. ಮೇಲೆ ನಮ್ಮ ಮುಖದ ಮೇಲೆ ಬಿಸಿಲು.

ಇದು ಕಣ್ಣಿನ ಭ್ರಮೆಯಲ್ಲ. ಭೂಮಿ ಉರುಟಾಗಿರುವುದರಿಂದ ಎತ್ತರಕ್ಕೆ ಹೋದ ಹಾಗೆ ದಿಗಂತ ದೂರ ಸರಿಯುತ್ತದೆ. ಕಡಲ ಬದಿಯಲ್ಲಿ ನಿಂತವರಿಗೆ ಸುಮಾರು ಐದು ಕಿಲೋಮೀಟರ್ ದೂರಕ್ಕೆ ಮುಗಿಯುವ ಸಮುದ್ರ, ಈ ಟೆರೇಸಿನಲ್ಲಿ ನಿಂತವರಿಗೆ ಆಕಾಶ ಶುಭ್ರವಿದ್ದರೆ 75 ಕಿಲೋಮೀಟರಿನವರೆಗೆ ಕಾಣುತ್ತದೆ. ಹಾಗಾಗಿ ಕೆಳಗಿನವರಿಗೆ ಮುಳುಗಿದ ಸೂರ್ಯ ಮೇಲಿನವರಿಗೆ ಇನ್ನೂ ಮುಳುಗಿರುವುದಿಲ್ಲ. ಕೆಳಗೆ ಸೂರ್ಯಾಸ್ತ ನೋಡಿ ಲಿಫ್ಟ್ ಹತ್ತಿ ಬಂದರೆ ಇನ್ನೊಮ್ಮೆ ನೋಡಬಹುದು.

ಈ ಕಟ್ಟಡದಲ್ಲಿ ಜನ ವಾಸವೂ ಇದ್ದಾರೆ. ಹಾಗಾದರೆ ರಮಝಾನಿನಲ್ಲಿ ಅವರು ಯಾವಾಗ ಇಫ್ತಾರ್ ಮಾಡಬೇಕು? ಈ ಪ್ರಶ್ನೆಗೆ ದುಬೈಯ ಧಾರ್ಮಿಕ ವಿದ್ವಾಂಸರು 2011ರಲ್ಲೇ ಉತ್ತರ ಕೊಟ್ಟಿದ್ದಾರೆ. 80ನೇ ಮಹಡಿಯಿಂದ ಮೇಲಿನವರು ಎರಡು ನಿಮಿಷ, 150ರಿಂದ ಮೇಲಿನವರು ಮೂರು ನಿಮಿಷ ತಡವಾಗಿ ನೋಂಬು ಬಿಡಬೇಕು. ಬೆಳಿಗ್ಗೆ ಇದರ ಉಲ್ಟಾ. ಮೇಲಿನವರಿಗೆ ಬೆಳಕು ಬೇಗ ಹರಿಯುವುದರಿಂದ ಅವರು ಸಹರಿಯನ್ನೂ ಬೇಗ ಮುಗಿಸಬೇಕು. ಒಟ್ಟಿನಲ್ಲಿ ಮೇಲೆ ಇದ್ದವರ ಉಪವಾಸ ಎರಡೂ ಕಡೆಯಿಂದ ಉದ್ದ.

ಮಾಮನಿಗೆ ಇದೆಲ್ಲ ಗೊತ್ತಿತ್ತು. ಆ ವರ್ಷ ರೂಮಿನಲ್ಲಿ ಎಲ್ಲರೂ ಇದನ್ನೇ ಮಾತಾಡಿಕೊಂಡಿದ್ದರಂತೆ.

‘ಎರಡು ನಿಮಿಷ ಕಾಯಬೇಕು’ ಎಂದರು.

‘ಕಾಯುವುದು ನನಗೆ ಹೇಳಿಕೊಡಬೇಕಾ?’ ಎಂದರು ಮಾಮಿ. ಸಿಟ್ಟಿನಲ್ಲಿ ಹೇಳಿದ್ದಲ್ಲ, ನಗುತ್ತಲೇ ಹೇಳಿದ್ದು. ಮಾಮ ಮಾತ್ರ ನಗಲಿಲ್ಲ. ಕೌಂಟರಿನಿಂದ ನೀರಿನ ಬಾಟ್ಲಿ ತಂದು ಮುಚ್ಚಳ ತೆಗೆದು ಹಿಡಿದುಕೊಂಡು ನಿಂತರು.

ಸೂರ್ಯನ ಕೊನೆಯ ಕೆಂಪು ಅಂಚು ನೀರಿಗೆ ಇಳಿಯಿತು. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು, ಮೊಬೈಲ್‌ಗಳು ಮೇಲೆದ್ದವು. ಮಾಮಿ ಖರ್ಜೂರವನ್ನು ಅರ್ಧ ಮಾಡಿ ಮಾಮನ ಕೈಗಿಟ್ಟರು. ಮಾಮನಿಗೆ ಅವತ್ತು ನೋಂಬು ಇರಲಿಲ್ಲ. ಆದರೂ ತಿಂದರು.

ಇಳಿದ ಮೇಲೆ

ಮಾಲ್‌ನ ನಮಾಝ್ ಕೋಣೆಯಲ್ಲಿ ಮಗ್ರಿಬ್ ಮುಗಿಸಿ ಹೊರಗೆ ಕಾರಂಜಿಯ ಬಳಿ ಬಂದೆವು. ಅಲ್ಲಿಂದ ಕತ್ತು ಎತ್ತಿ ನೋಡಿದರೆ ನಾವು ನಿಂತಿದ್ದ ಜಾಗ ಯಾವುದೆಂದು ಗೊತ್ತಾಗುವುದಿಲ್ಲ. ಈ ಕಟ್ಟಡದಲ್ಲಿ ಎರಡು ಇಡೀ ಮಹಡಿಗಳನ್ನು ಉಡುಪಿ ಮೂಲದ ಉದ್ಯಮಿ ಬಿ.ಆರ್. ಶೆಟ್ಟಿ ಕೊಂಡಿದ್ದರು ಎಂದು ಊರಲ್ಲಿ ಎಲ್ಲರಿಗೂ ಗೊತ್ತು. ಇದರ ಕೆಳಗೆ ಅನ್ನದ ಪೊಟ್ಟಣ ಹಂಚಿದವರ, ಗಾಜು ಒರೆಸಿದವರ ಹೆಸರು ಅವರವರ ಮನೆಯವರಿಗಷ್ಟೇ ಗೊತ್ತು.

ನಮ್ಮ ಊರುಗಳ ತಾರಸಿ ಮನೆ, ಮಸೀದಿಯ ಹೊಸ ಮಿನಾರ, ಶಾಲೆಯ ಕಟ್ಟಡ, ಹೆಣ್ಣುಮಕ್ಕಳ ಕಾಲೇಜು ಓದು ಎಲ್ಲದರ ಹಿಂದೆ ಈ ನಗರದ ದುಡಿಮೆ ಉಂಟು. ಆ ದುಡಿಮೆ ನಡೆದ ಜಾಗವನ್ನು ಊರಲ್ಲಿ ಕಾದವರು ಕಣ್ಣಾರೆ ನೋಡಿದ್ದು ಕಡಿಮೆ. ಈಗ ಮಕ್ಕಳು ದೊಡ್ಡವರಾಗಿದ್ದಾರೆ, ಅವರ ಕೈಯಲ್ಲಿ ಕೆಲಸ ಉಂಟು. ಉಮ್ಮನನ್ನು ಒಮ್ಮೆ ಕರೆಸಿಕೊಳ್ಳಿ, ದುಡಿದವರೂ ಜೊತೆಯಲ್ಲಿರುವಾಗಲೇ ಕರೆಸಿಕೊಳ್ಳಿ. ವೀಸಾ ಕ್ಯಾನ್ಸಲ್ ಆದ ಮೇಲೆ ತೋರಿಸಲು ಫೋಟೊ ಮಾತ್ರ ಉಳಿಯುತ್ತದೆ.

ಮೆಟ್ರೊಗೆ ವಾಪಸ್ ನಡೆಯುವಾಗ ಮಾಮಿ ಹೇಳಿದರು, ‘ಬುರ್ಜ್ ಆಯಿತು. ನಾಳೆ ನಿಮ್ಮ ರೂಮ್ ತೋರಿಸಿ.’

ಅದು ಬ್ಯಾಚುಲರ್‌ಗಳ ರೂಮು, ಹೆಂಗಸರು ಬರುವ ಜಾಗವಲ್ಲ ಎಂದು ಮಾಮ ಎಷ್ಟು ಹೇಳಿದರೂ ಮಾಮಿ ಒಪ್ಪಲಿಲ್ಲ. ಮರುದಿನ ಅಸರ್ ಆದ ಮೇಲೆ ದೇರಾಕ್ಕೆ ಹೋದೆವು. ಜೊತೆಯಲ್ಲಿದ್ದ ಹುಡುಗರು ವಿಷಯ ಗೊತ್ತಾಗಿ ನೆಲ ಗುಡಿಸಿ, ಕಾಲು ಗಂಟೆ ಹೊರಗೆ ನಿಂತರು. ಮೂರನೇ ಮಾಳಿಗೆ, ಲಿಫ್ಟ್ ಕೆಟ್ಟಿತ್ತು. ಒಂದು ಕೋಣೆ, ಎರಡು ಅಂತಸ್ತಿನ ನಾಲ್ಕು ಮಂಚಗಳು. ಕಿಟಕಿಯ ಬದಿಯ ಕೆಳಗಿನ ಮಂಚ ಮಾಮನದು. ಗೋಡೆಯಲ್ಲಿ ಬೆಳ್ತಂಗಡಿಯ ಒಂದು ಬಟ್ಟೆ ಅಂಗಡಿಯ ಕ್ಯಾಲೆಂಡರ್, ಅದರಲ್ಲಿ ಊರಿಗೆ ಹೊರಡುವ ದಿನಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿತ್ತು.

ಮಾಮಿ ಮಂಚದ ಮೇಲೆ ಕೂತರು. ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಕೂತು, ಆಮೇಲೆ ಎದ್ದು, ಹಾಸಿಗೆಯ ಮೇಲಿನ ಬೆಡ್‌ಶೀಟನ್ನು ಕೊಡವಿ, ಮಡಚಿ ಬ್ಯಾಗಿಗೆ ಹಾಕಿಕೊಂಡರು.